ಸರ್ವರ್ ತಂತ್ರಾಂಶದ ಅಪ್‌ಗ್ರೇಡ್: ಮರಳುವ ದಾರಿಯನ್ನು ನೋಡಿಕೊಂಡು ವಿಧಾನ ಆರಿಸುವುದು

ಸಂಸ್ಥೆಯೊಂದರ ಸರ್ವರ್ ತಂತ್ರಾಂಶವನ್ನು ಹೊಸ ಆವೃತ್ತಿಗೆ ಒಯ್ಯಬೇಕೆಂಬ ಮಾತು ಬಂದಾಗ ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಹೊಸದಕ್ಕೆ ಹೋಗುವುದು ಹೇಗೆ’ ಎಂಬುದು. ಆ ಪ್ರಶ್ನೆಗೆ ಉತ್ತರ ಬಹುಪಾಲು ತಯಾರಕರ ಕೈಪಿಡಿಯಲ್ಲೇ ಇರುತ್ತದೆ, ಓದಿ ಪಾಲಿಸಿದರೆ ಸಾಕು. ಆದರೆ ಹೊಸದು ಕೈಕೊಟ್ಟರೆ ಯಾವ ಗಳಿಗೆಯವರೆಗೆ ಹಳೆಯದಕ್ಕೆ ಮರಳಬಹುದು, ಮರಳಲು ಎಷ್ಟು ಹೊತ್ತು ಹಿಡಿಯುತ್ತದೆ, ಮರಳುವಾಗ ಎಷ್ಟು ಡೇಟಾ ಕಳೆದುಹೋಗುತ್ತದೆ ಎಂಬುದನ್ನು ಯಾವ ಕೈಪಿಡಿಯೂ ನಿಮ್ಮ ಪರವಾಗಿ ಹೇಳಲಾರದು, ಏಕೆಂದರೆ ಅದು ನಿಮ್ಮ ಡೇಟಾದ ಗಾತ್ರ, ನಿಮ್ಮ ಜಾಲದ ವೇಗ ಮತ್ತು ನಿಮ್ಮ ಬಳಕೆದಾರರ ತಾಳ್ಮೆಯನ್ನು ಅವಲಂಬಿಸಿದೆ. ಅನೇಕ ವರ್ಷ ಈ ಕೆಲಸ ಮಾಡಿದ ಮೇಲೆ ನಾನು ಬಂದು ನಿಂತಿರುವ ನಿಲುವು ಇದು: ಅಪ್‌ಗ್ರೇಡ್‌ನ ವಿಧಾನವನ್ನು ಹೋಗುವ ದಾರಿ ನೋಡಿ ಆರಿಸಬಾರದು, ಮರಳುವ ದಾರಿ ನೋಡಿ ಆರಿಸಬೇಕು. ಈ ಬರಹದಲ್ಲಿ ಹೇಳುವ ಹಂತಗಳೆಲ್ಲ ಆ ಒಂದು ನಿಲುವಿನಿಂದಲೇ ಹುಟ್ಟಿದವು.

ಮೊದಲಿಗೆ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳೋಣ. ಭದ್ರತಾ ಪ್ಯಾಚ್ (ದೋಷ ಮುಚ್ಚುವ ಸಣ್ಣ ತಿದ್ದುಪಡಿ) ಹಾಕುವುದು ಬೇರೆ, ಮುಖ್ಯ ಆವೃತ್ತಿಯನ್ನು ಬದಲಾಯಿಸುವುದು ಬೇರೆ. 2017ರ ಮೇ ತಿಂಗಳಲ್ಲಿ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಹಬ್ಬಿದಾಗ ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು; ಎರಡು ತಿಂಗಳು ಸುಮ್ಮನಿದ್ದವರು ಪೆಟ್ಟು ತಿಂದರು. ಪ್ಯಾಚಿನ ವಿಷಯದಲ್ಲಿ ಅವಸರವೇ ವಿವೇಕ. ಮುಖ್ಯ ಆವೃತ್ತಿಯ ಬದಲಾವಣೆಯಲ್ಲಿ ಡೇಟಾದ ರೂಪ, ಸಂರಚನಾ ಕಡತಗಳು, ಲೈಬ್ರರಿಗಳು, ಪೂರ್ವನಿಯೋಜಿತ ಭದ್ರತಾ ನಿಯಮಗಳು ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಇಲ್ಲಿ ಚರ್ಚಿಸುತ್ತಿರುವುದು ಈ ಎರಡನೆಯದನ್ನು.

ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ

ಪ್ರತಿ ಸರ್ವರ್ ತಂತ್ರಾಂಶಕ್ಕೂ ತಯಾರಕರ ಬೆಂಬಲ ನಿಲ್ಲುವ ದಿನವೊಂದಿರುತ್ತದೆ. ವಿಂಡೋಸ್ ಸರ್ವರ್ 2012ಕ್ಕೆ ಅದು 2023ರ ಅಕ್ಟೋಬರ್ 10 ಆಗಿತ್ತು. ವಿಂಡೋಸ್ ಸರ್ವರ್ 2016ಕ್ಕೆ 2027ರ ಜನವರಿ 12. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನ ಪ್ರತಿ ಮುಖ್ಯ ಆವೃತ್ತಿಗೆ ಐದು ವರ್ಷಗಳ ಆಯುಷ್ಯ, ಅನೇಕ ಯಂತ್ರಗಳಲ್ಲಿ ಅಪ್ಲಿಕೇಶನ್‌ಗಳನ್ನು ನಡೆಸುವ ಕುಬರ್ನೆಟೀಸ್‌ನ ಪ್ರತಿ ಬಿಡುಗಡೆಗೆ ಸುಮಾರು 14 ತಿಂಗಳು. ನಿಮ್ಮಲ್ಲಿರುವ ಪ್ರತಿಯೊಂದು ತಂತ್ರಾಂಶದ ಎದುರು ಈ ದಿನಾಂಕವನ್ನು ಬರೆದಿಡಿ, ಮತ್ತು ಅದನ್ನು ವರ್ಷಕ್ಕೆ ಎರಡು ಬಾರಿಯಾದರೂ ಮರುಪರಿಶೀಲಿಸಿ, ಏಕೆಂದರೆ ದಿನಾಂಕಗಳೂ ಬದಲಾಗುತ್ತವೆ. ಲಿನಕ್ಸ್‌ನ ಒಂದು ರೂಪವಾದ ಸೆಂಟ್‌ಓಎಸ್ 8 ಅನ್ನು 2029ರವರೆಗೆ ನಡೆಯುತ್ತದೆಂದು ನಂಬಿ ಸ್ಥಾಪಿಸಿದವರಿಗೆ 2020ರ ಡಿಸೆಂಬರ್‌ನಲ್ಲಿ, ಅದು 2021ರ ಡಿಸೆಂಬರ್ 31ಕ್ಕೇ ಮುಗಿಯುತ್ತದೆ ಎಂಬ ಪ್ರಕಟಣೆ ಬಂತು. ಎಂಟು ವರ್ಷವಿದೆ ಎಂದುಕೊಂಡಿದ್ದವರ ಕೈಯಲ್ಲಿ ಉಳಿದದ್ದು ಒಂದೇ ವರ್ಷ.

ಬೆಂಬಲ ಮುಗಿಯುವ ದಿನವನ್ನು ಅಪ್‌ಗ್ರೇಡ್ ಮಾಡುವ ದಿನವೆಂದು ತಿಳಿಯುವುದು ಸಾಮಾನ್ಯ ತಪ್ಪು. ಆ ದಿನದೊಳಗೆ ಹೊಸ ಆವೃತ್ತಿ ಓಡಲು ಶುರುವಾಗಿ, ಹಳೆಯ ಸರ್ವರ್ ಆರಿ, ಮರಳುವ ಅಗತ್ಯವೂ ಕಳೆದುಹೋಗಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ, ಸಂಸ್ಥೆಯ ಲೆಕ್ಕ ಮುಗಿಸುವ ದಿನಗಳು, ಹೆಚ್ಚು ವ್ಯವಹಾರ ನಡೆಯುವ ತಿಂಗಳುಗಳು, ಎರಡು ತಾಲೀಮುಗಳು, ತಾಲೀಮಿನಲ್ಲಿ ಸಿಕ್ಕ ದೋಷಗಳನ್ನು ಸರಿಪಡಿಸಲು ಬೇಕಾದ ಸಮಯ ಇವನ್ನೆಲ್ಲ ಕಳೆದ ಮೇಲೆ, ದೊಡ್ಡ ವ್ಯವಸ್ಥೆಯೊಂದಕ್ಕೆ ಒಂದು ವರ್ಷ ಮೊದಲೇ ಕೆಲಸ ಆರಂಭವಾಗಬೇಕೆಂದು ತಿಳಿಯುತ್ತದೆ.

ತಡ ಮಾಡಿದಷ್ಟೂ ದಾರಿಗಳು ಕಡಿಮೆಯಾಗುತ್ತವೆ ಎಂಬುದನ್ನೂ ಮರೆಯಬಾರದು. ಕುಬರ್ನೆಟೀಸ್‌ನ ನಿಯಂತ್ರಣ ಭಾಗವನ್ನು ಒಂದೊಂದೇ ಬಿಡುಗಡೆಯಂತೆ ಏರಿಸಬೇಕು, ನಡುವೆ ಜಿಗಿಯುವಂತಿಲ್ಲ. ಉಬುಂಟು ಲಿನಕ್ಸ್‌ನಲ್ಲಿ ಒಂದು ಎಲ್‌ಟಿಎಸ್‌ನಿಂದ (ದೀರ್ಘಕಾಲ ಬೆಂಬಲವಿರುವ ಆವೃತ್ತಿಯಿಂದ) ಅದರ ಮುಂದಿನ ಎಲ್‌ಟಿಎಸ್‌ಗೆ ಮಾತ್ರ ಹೋಗಬಹುದು. ವಿಂಡೋಸ್ ಸರ್ವರ್ 2022ರವರೆಗೆ ಒಮ್ಮೆಗೆ ಎರಡು ಆವೃತ್ತಿಗಳಷ್ಟೇ ಮೇಲೇರಬಹುದಿತ್ತು. 2025ರ ಆವೃತ್ತಿಯಲ್ಲಿ ಅದು ನಾಲ್ಕಕ್ಕೆ ಏರಿದೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ 5.6ರಲ್ಲಿ ಉಳಿದವರು 8.0 ತಲುಪಲು 5.7ರ ಮೂಲಕವೇ ಹಾದುಹೋಗಬೇಕು. ನಡುವೆ ಎರಡು ಅಥವಾ ಹೆಚ್ಚು ಮೆಟ್ಟಿಲುಗಳಿದ್ದರೆ, ಇರುವ ಯಂತ್ರದಲ್ಲೇ ಮೆಟ್ಟಿಲು ಹತ್ತುವ ಆಸೆಯನ್ನು ಬಿಟ್ಟು ಪಕ್ಕದಲ್ಲಿ ಹೊಸ ಸರ್ವರ್ ಕಟ್ಟುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಪ್ರತಿ ಮೆಟ್ಟಿಲಿಗೂ ಬೇರೆ ಪರೀಕ್ಷೆ, ಬೇರೆ ಅಪಾಯ, ಬೇರೆ ಹಿಂದಾರಿ (ಮರಳುವ ದಾರಿ) ಬೇಕಾಗುತ್ತದೆ.

ಈ ಸರ್ವರಿನ ಬಾಗಿಲು ತಟ್ಟುವವರು ಯಾರು

ವಿಧಾನ ಆರಿಸುವ ಮುನ್ನ, ಈ ಸರ್ವರನ್ನು ಯಾರು ಯಾರು ಬಳಸುತ್ತಿದ್ದಾರೆ ಎಂಬ ಪಟ್ಟಿ ಕೈಯಲ್ಲಿರಬೇಕು. ದಾಖಲೆಗಳಲ್ಲಿ ಬರೆದಿರುವ ಪಟ್ಟಿಯನ್ನು ನಂಬಬೇಡಿ, ಸರ್ವರನ್ನೇ ಕೇಳಿ. ಹೊರಗಿನಿಂದ ಬರುವ ಸಂಪರ್ಕಗಳ ಐಪಿ ವಿಳಾಸ, ಪೋರ್ಟ್ ಮತ್ತು ಲಾಗಿನ್ ಹೆಸರನ್ನು ಹತ್ತು ನಿಮಿಷಕ್ಕೊಮ್ಮೆ ಒಂದು ಕಡತಕ್ಕೆ ಬರೆಯುವ ಸಣ್ಣ ಸ್ಕ್ರಿಪ್ಟ್ ಸಾಕು. ಕ್ಷಣಮಾತ್ರ ಬಂದುಹೋಗುವ ಸಂಪರ್ಕಗಳು ತಪ್ಪಿಹೋಗದಂತೆ ಸರ್ವರಿನ ಲಾಗಿನ್ ದಾಖಲೆಯನ್ನೂ ಜೊತೆಗೆ ಇಟ್ಟುಕೊಳ್ಳಿ. ಆದರೆ ಅದನ್ನು ಒಂದು ವಾರ ಓಡಿಸಿ ನಿಲ್ಲಿಸಬಾರದು. ತಿಂಗಳ ಕೊನೆಯ ದಿನ ರಾತ್ರಿ ಮಾತ್ರ ಎದ್ದು ವರದಿ ತಯಾರಿಸುವ ಕ್ರಾನ್ ಕೆಲಸಗಳು, ಮೂರು ತಿಂಗಳಿಗೊಮ್ಮೆ ಬರುವ ಲೆಕ್ಕಪರಿಶೋಧನೆಯ ಸಂಪರ್ಕಗಳು ವಾರದ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಲಿನಕ್ಸ್ ಸರ್ವರುಗಳನ್ನು ರೆಡ್ ಹ್ಯಾಟ್ 7ರಿಂದ 8ಕ್ಕೆ ಒಯ್ದೆವು. ಅಪ್ಲಿಕೇಶನ್‌ಗಳೆಲ್ಲ ಚೆನ್ನಾಗಿ ನಡೆದವು, ಪರೀಕ್ಷೆಗಳು ಪಾಸಾದವು. ಮರುದಿನ ಬೆಳಿಗ್ಗೆ ಮಾತ್ರ ಬಾಗಿಲ ಬಳಿಯಿದ್ದ ಹಾಜರಾತಿ ಯಂತ್ರಗಳು ಬೆರಳು ಒತ್ತಿದವರ ಹೆಸರು ತೋರಿಸುತ್ತಿದ್ದರೂ ಆ ದಾಖಲೆಯನ್ನು ಸರ್ವರಿಗೆ ಕಳಿಸಲಾರದೆ ತಮ್ಮೊಳಗೇ ತುಂಬಿಕೊಳ್ಳುತ್ತಿದ್ದವು. ಆ ಯಂತ್ರಗಳಿಗೆ ಜಾಲದ ಮಾತುಕತೆಯನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ನಿಯಮದ 1.0 ಆವೃತ್ತಿ ಬಿಟ್ಟು ಬೇರೇನೂ ತಿಳಿದಿರಲಿಲ್ಲ; ರೆಡ್ ಹ್ಯಾಟ್ 8ರ ಪೂರ್ವನಿಯೋಜಿತ ಗೂಢಲಿಪಿ ನೀತಿ ಟಿಎಲ್‌ಎಸ್ 1.0 ಮತ್ತು 1.1 ಎರಡನ್ನೂ ಮುಚ್ಚಿರುತ್ತದೆ. ನಮ್ಮ ಪಟ್ಟಿಯಲ್ಲಿ ‘ಹಾಜರಾತಿ ಅಪ್ಲಿಕೇಶನ್’ ಎಂದು ಬರೆದಿತ್ತು, ಅದರ ಹಿಂದಿನ ಯಂತ್ರಗಳ ಮಾತೇ ಇರಲಿಲ್ಲ. ಅಂದಿನಿಂದ ನಾನು ಪಟ್ಟಿಯಲ್ಲಿ ಪ್ರತಿ ಸಂಪರ್ಕದ ಎದುರು ಅದು ಬಳಸುವ ಟಿಎಲ್‌ಎಸ್ ಆವೃತ್ತಿಯನ್ನೂ ಬರೆಯುತ್ತೇನೆ.

ಇಂಥದೇ ಇನ್ನೊಂದು ಕಂದಕ ಜಾವಾ ಅಪ್ಲಿಕೇಶನ್‌ಗಳಲ್ಲಿದೆ. ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ನಡೆಸುವ ಟಾಮ್‌ಕ್ಯಾಟ್ ಸರ್ವರಿನ 9ರಿಂದ 10ಕ್ಕೆ ಹೋಗುವುದು ನೋಡಲು ಒಂದೇ ಮೆಟ್ಟಿಲು, ಆದರೆ ಆ ಮೆಟ್ಟಿಲಿನಲ್ಲಿ ಸರ್ವ್‌ಲೆಟ್ ಲೈಬ್ರರಿಗಳ ಪ್ಯಾಕೇಜ್ ಹೆಸರು ‘ಜಾವಾಎಕ್ಸ್’ನಿಂದ ‘ಜಕಾರ್ತಾ’ಕ್ಕೆ ಬದಲಾಗಿದೆ. ಹಳೆಯ ಹೆಸರಿನೊಂದಿಗೆ ಕಂಪೈಲ್ ಆದ ಅಪ್ಲಿಕೇಶನ್ ಹೊಸ ಟಾಮ್‌ಕ್ಯಾಟ್‌ನಲ್ಲಿ ಹಾಗೆಯೇ ಏಳುವುದಿಲ್ಲ. ಅದನ್ನು ಪರಿವರ್ತಿಸಬೇಕು ಅಥವಾ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಜಾವಾ 8ರಿಂದ 11ಕ್ಕೆ ಹೋಗುವಾಗ ಎಕ್ಸ್‌ಎಂಎಲ್ ಓದುವ ಜಾಕ್ಸ್‌ಬಿಯಂಥ ಭಾಗಗಳು ಜಾವಾದಿಂದಲೇ ಹೊರಬಿದ್ದಿವೆ. ಅಪ್ಲಿಕೇಶನ್‌ನ ಮೂಲ ಕೋಡ್ ನಿಮ್ಮ ಕೈಯಲ್ಲಿಲ್ಲದಿದ್ದರೆ, ಅದನ್ನು ಬರೆದುಕೊಟ್ಟವರು ಈಗ ಸಿಗದಿದ್ದರೆ, ಸರ್ವರಿನ ಅಪ್‌ಗ್ರೇಡ್ ವಿಧಾನವನ್ನು ಚರ್ಚಿಸುವ ಮೊದಲು ಆ ಅಪ್ಲಿಕೇಶನ್‌ನ ಭವಿಷ್ಯವನ್ನು ನಿರ್ಧರಿಸಬೇಕಾಗುತ್ತದೆ.

ಇರುವ ದಾರಿಗಳು

ಮೊದಲ ದಾರಿ, ಇರುವ ಯಂತ್ರದಲ್ಲೇ ಹಳೆಯದರ ಮೇಲೆ ಹೊಸದನ್ನು ಹಾಕುವುದು. ಹೊಸ ಯಂತ್ರ ಬೇಡ, ಹೆಸರು ಮತ್ತು ಐಪಿ ವಿಳಾಸ ಬದಲಾಗುವುದಿಲ್ಲ, ಲೈಸೆನ್ಸ್ ಲೆಕ್ಕ ಸರಳ. ಇದರ ಕೊರತೆ ಒಂದೇ, ಆದರೆ ದೊಡ್ಡದು: ಆರಂಭಿಸಿದ ಕ್ಷಣದಿಂದ ಹಳೆಯ ಸರ್ವರ್ ಎಂಬುದು ಇರುವುದಿಲ್ಲ, ಅದರ ಬ್ಯಾಕಪ್ ಮಾತ್ರ ಇರುತ್ತದೆ. ವರ್ಷಗಳಿಂದ ಸೇರಿಕೊಂಡ ಕಸವೂ, ಯಾರೋ ಎಂದೋ ಕೈಯಿಂದ ತಿದ್ದಿದ ಸಂರಚನೆಯೂ ಹೊಸ ಆವೃತ್ತಿಗೆ ಹಾಗೆಯೇ ಬರುತ್ತವೆ. ಕೆಲವು ಪಾತ್ರಗಳಿಗೆ ತಯಾರಕರೇ ಈ ದಾರಿಯನ್ನು ಹೇಳುವುದಿಲ್ಲ. ಸಂಸ್ಥೆಯ ಬಳಕೆದಾರರ ಲಾಗಿನ್‌ಗಳನ್ನು ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿಯ ಡೊಮೇನ್ ಕಂಟ್ರೋಲರ್‌ಗಳಲ್ಲಿ ಹೊಸ ಸರ್ವರನ್ನು ಸೇರಿಸಿ, ಪಾತ್ರಗಳನ್ನು ಅದಕ್ಕೆ ವರ್ಗಾಯಿಸಿ, ಹಳೆಯದನ್ನು ಕೆಳಗಿಳಿಸುವುದೇ ಮೈಕ್ರೋಸಾಫ್ಟ್ ಶಿಫಾರಸು ಮಾಡುವ ಕ್ರಮ.

ಎರಡನೆಯ ದಾರಿ, ಪಕ್ಕದಲ್ಲಿ ಹೊಸ ಸರ್ವರ್ ಕಟ್ಟಿ, ಡೇಟಾವನ್ನು ಅಲ್ಲಿಗೆ ತಂದು, ಒಂದು ದಿನ ಬಳಕೆದಾರರನ್ನು ಅತ್ತ ತಿರುಗಿಸುವುದು. ಎರಡೂ ಸರ್ವರುಗಳ ಖರ್ಚನ್ನು ಸ್ವಲ್ಪ ಕಾಲ ಹೊರಬೇಕು, ಆದರೆ ಹಳೆಯದು ಮುಟ್ಟದೆ ಉಳಿದಿರುತ್ತದೆ. ಲೋಡ್ ಬ್ಯಾಲೆನ್ಸರ್ (ಬರುವ ಕೋರಿಕೆಗಳನ್ನು ಸರ್ವರುಗಳಿಗೆ ಹಂಚುವ ಸಾಧನ) ಹಿಂದೆ ಎರಡು ಸಮಾನ ಗುಂಪುಗಳನ್ನು ನಿಲ್ಲಿಸಿ ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಬ್ಲೂ-ಗ್ರೀನ್ ಪದ್ಧತಿ ಇದರದೇ ಬೆಳೆದ ರೂಪ. ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ಮೂಲಕ ತಿರುಗಿಸುವುದಾದರೆ ಆ ದಾಖಲೆಯ ಟಿಟಿಎಲ್ ಅನ್ನು (ಬೇರೆ ಯಂತ್ರಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು) ಒಂದು ವಾರ ಮೊದಲೇ ಐದು ನಿಮಿಷಕ್ಕೆ ಇಳಿಸಿ; ಅದೇ ರಾತ್ರಿ ಇಳಿಸಿದರೆ ಹಳೆಯ ಟಿಟಿಎಲ್ ನೆನಪಿಟ್ಟುಕೊಂಡ ಯಂತ್ರಗಳು ಹಳೆಯ ಸರ್ವರಿಗೇ ಹೋಗುತ್ತಿರುತ್ತವೆ.

ಮೂರನೆಯದು, ಕ್ಲಸ್ಟರಿನಲ್ಲಿ (ಒಂದೇ ಸೇವೆಯನ್ನು ಜೊತೆಯಾಗಿ ನಡೆಸುವ ಸರ್ವರುಗಳ ಗುಂಪಿನಲ್ಲಿ) ಒಂದೊಂದೇ ನೋಡ್ ಅನ್ನು, ಅಂದರೆ ಸರ್ವರನ್ನು, ಹೊರತೆಗೆದು ಹೊಸದಾಗಿಸಿ ಮತ್ತೆ ಸೇರಿಸುವುದು. ಸೇವೆ ನಿಲ್ಲುವುದೇ ಇಲ್ಲ ಎಂಬುದು ಇದರ ಆಕರ್ಷಣೆ. ನಾಲ್ಕನೆಯದಾಗಿ, ಸರ್ವರ್ ನಡೆಸುವ ಹೊಣೆಯನ್ನೇ ಬಿಟ್ಟು ಕ್ಲೌಡ್ ಸೇವೆಯೊಂದಕ್ಕೆ ಸಾಗುವುದು. ಅದು ಅಪ್‌ಗ್ರೇಡ್‌ಗಿಂತ ದೊಡ್ಡ ನಿರ್ಧಾರ, ಬೆಂಬಲ ಮುಗಿಯುವ ಒತ್ತಡದಲ್ಲಿ ಅದನ್ನು ತೆಗೆದುಕೊಳ್ಳಬಾರದು ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಡೇಟಾ ಇರುವಲ್ಲಿ ಎಲ್ಲವೂ ಬದಲಾಗುತ್ತದೆ

ವೆಬ್ ಸರ್ವರ್, ಪ್ರಾಕ್ಸಿ, ಅಪ್ಲಿಕೇಶನ್ ಸರ್ವರುಗಳಂಥ, ತಮ್ಮಲ್ಲಿ ಏನನ್ನೂ ಶಾಶ್ವತವಾಗಿ ಇಟ್ಟುಕೊಳ್ಳದ ಯಂತ್ರಗಳಿಗೆ ವಿಧಾನ ಆರಿಸುವುದು ಸುಲಭ. ಹೊಸದನ್ನು ಕಟ್ಟಿ, ಹಳೆಯದನ್ನು ತೆಗೆದುಹಾಕಿ. ಏನಾದರೂ ಹೆಚ್ಚುಕಡಿಮೆಯಾದರೆ ಲೋಡ್ ಬ್ಯಾಲೆನ್ಸರನ್ನು ಹಿಂದಕ್ಕೆ ತಿರುಗಿಸಿದರೆ ಮುಗಿಯಿತು. ಡೇಟಾಬೇಸ್, ಮೇಲ್ ಸರ್ವರ್, ಕಡತ ಸರ್ವರುಗಳ ಮಾತು ಹಾಗಲ್ಲ. ಅಲ್ಲಿ ಹೊಸ ಸರ್ವರಿನ ಮೇಲೆ ಮೊದಲ ಬಳಕೆದಾರ ಮೊದಲ ದಾಖಲೆಯನ್ನು ಬರೆದ ಕ್ಷಣದಿಂದ ಹಳೆಯ ಸರ್ವರ್ ಹಳಸಲು ಶುರುವಾಗುತ್ತದೆ. ಅದು ಪಕ್ಕದಲ್ಲೇ ಓಡುತ್ತಿದ್ದರೂ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಹೊಸದರಲ್ಲಿ ದಾಖಲಾದ ನಾಲ್ಕು ಗಂಟೆಗಳ ವ್ಯವಹಾರ ಅದರಲ್ಲಿಲ್ಲ. ಮಧ್ಯಾಹ್ನ ಎರಡಕ್ಕೆ ಮರಳುವುದೆಂದರೆ ಆ ನಾಲ್ಕು ಗಂಟೆಗಳನ್ನು ಬಿಟ್ಟುಕೊಡುವುದು, ಇಲ್ಲವೆ ಅವನ್ನು ಹಿಂದಕ್ಕೆ ಹೊತ್ತು ತರುವ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟಿರುವುದು. ‘ಹಳೆಯ ಸರ್ವರ್ ಇದೆಯಲ್ಲ, ಭಯವೇನು’ ಎನ್ನುವವರು ಈ ನಾಲ್ಕು ಗಂಟೆಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನು ಉದಾಹರಣೆಯಾಗಿ ಹತ್ತಿರದಿಂದ ನೋಡೋಣ, ಏಕೆಂದರೆ ಒಂದೇ ತಂತ್ರಾಂಶದಲ್ಲಿ ಡೇಟಾ ಸಾಗಿಸುವ ಮೂರು ಬೇರೆ ಬೇರೆ ದಾರಿಗಳಿವೆ. ಪಿಜಿ-ಡಂಪ್ ಬಳಸಿ ಡೇಟಾವನ್ನೆಲ್ಲ ಹೊರತೆಗೆದು ಹೊಸದರಲ್ಲಿ ತುಂಬುವುದು ಅತ್ಯಂತ ಶುದ್ಧವಾದ ದಾರಿ, ಆದರೆ ಡೇಟಾ ಬೆಳೆದಂತೆ ಗಂಟೆಗಳು ಬೆಳೆಯುತ್ತವೆ. ಪಿಜಿ-ಅಪ್‌ಗ್ರೇಡ್ ಸಾಧನವು ಡೇಟಾ ಕಡತಗಳನ್ನು ನಕಲು ಮಾಡಿ ಹೊಸ ಆವೃತ್ತಿಗೆ ಹೊಂದಿಸುತ್ತದೆ. ಅದಕ್ಕೆ ‘ಲಿಂಕ್’ ಆಯ್ಕೆ ಕೊಟ್ಟರೆ ನಕಲನ್ನೂ ಮಾಡದೆ ಹಳೆಯ ಕಡತಗಳಿಗೇ ಹಾರ್ಡ್ ಲಿಂಕ್ (ಅದೇ ಕಡತಕ್ಕೆ ಇನ್ನೊಂದು ಹೆಸರು) ಹಾಕಿ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಆ ವೇಗಕ್ಕೆ ಮನಸೋಲುವುದು ಸಹಜ. ಆದರೆ ಹೊಸ ಸರ್ವರನ್ನು ಒಮ್ಮೆ ಚಾಲೂ ಮಾಡಿದರೆ ಅದು ಹಳೆಯದರೊಂದಿಗೆ ಹಂಚಿಕೊಂಡ ಕಡತಗಳ ಮೇಲೆಯೇ ಬರೆಯುತ್ತದೆ, ಆಮೇಲೆ ಹಳೆಯದನ್ನು ಸುರಕ್ಷಿತವಾಗಿ ಎಬ್ಬಿಸಲಾಗದು. ನಿಮಿಷಗಳಲ್ಲಿ ಮುಗಿದ ಕೆಲಸಕ್ಕೆ ಮರಳುವ ದಾರಿ, ಪೂರ್ಣ ಬ್ಯಾಕಪ್‌ನಿಂದ ಗಂಟೆಗಟ್ಟಲೆ ಮರುಸ್ಥಾಪನೆ. ಲಿಂಕ್ ಆಯ್ಕೆ ಬೇಕೇಬೇಕೆಂದಾದರೆ ಅದನ್ನು ರೆಪ್ಲಿಕಾ (ಮುಖ್ಯ ಸರ್ವರಿನ ಜೀವಂತ ನಕಲು) ಒಂದರ ಮೇಲೆ ಮಾಡಿ, ಹಳೆಯ ಮುಖ್ಯ ಸರ್ವರನ್ನು ಮುಟ್ಟದೆ ಬಿಡಿ.

ಮೂರನೆಯ ದಾರಿ ಲಾಜಿಕಲ್ ರೆಪ್ಲಿಕೇಶನ್, ಅಂದರೆ ಒಂದು ಸರ್ವರಿನಲ್ಲಿ ಆದ ಡೇಟಾ ಬದಲಾವಣೆಗಳನ್ನು ಇನ್ನೊಂದಕ್ಕೆ ನಿರಂತರ ಕಳಿಸುವುದು. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಇದು ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲೇ ಅಡಕವಾಗಿದೆ, ಮತ್ತು ಬೇರೆ ಬೇರೆ ಮುಖ್ಯ ಆವೃತ್ತಿಗಳ ನಡುವೆ ನಡೆಯುತ್ತದೆ. ಹೊಸ ಸರ್ವರ್ ದಿನಗಟ್ಟಲೆ ಹಳೆಯದರ ಜೊತೆ ಹೆಜ್ಜೆ ಹಾಕುತ್ತಿರುತ್ತದೆ. ತಿರುಗಿಸುವ ರಾತ್ರಿ ಬರವಣಿಗೆ ನಿಲ್ಲಿಸಿ, ಉಳಿದದ್ದು ತಲುಪುವವರೆಗೆ ಕಾದು, ಅಪ್ಲಿಕೇಶನ್‌ಗಳನ್ನು ಅತ್ತ ತಿರುಗಿಸಿದರೆ ಆಯಿತು. ನನಗೆ ಈ ದಾರಿ ಮೆಚ್ಚುಗೆಯಾಗುವುದು ಅದರ ಕಡಿಮೆ ಡೌನ್‌ಟೈಮಿಗಿಂತ (ಸೇವೆ ನಿಲ್ಲುವ ಹೊತ್ತಿಗಿಂತ) ಹೆಚ್ಚಾಗಿ ಇನ್ನೊಂದು ಕಾರಣಕ್ಕೆ: ತಿರುಗಿಸಿದ ಮೇಲೆ ಅದೇ ಹೊಳೆಯನ್ನು ಹಿಮ್ಮುಖವಾಗಿ, ಹೊಸದರಿಂದ ಹಳೆಯದಕ್ಕೆ ಹರಿಸಬಹುದು. ಆಗ ಮೇಲೆ ಹೇಳಿದ ನಾಲ್ಕು ಗಂಟೆಗಳ ವ್ಯವಹಾರವೂ ಹಳೆಯ ಸರ್ವರಿನಲ್ಲಿರುತ್ತದೆ, ಮೂರನೇ ದಿನವೂ ಮರಳಬಹುದು. ಇದಕ್ಕೂ ಷರತ್ತುಗಳಿವೆ. ಟೇಬಲ್‌ಗಳ ರಚನೆಯ ಬದಲಾವಣೆಗಳು ಈ ಹೊಳೆಯಲ್ಲಿ ಹರಿಯುವುದಿಲ್ಲ, ಆದ್ದರಿಂದ ಆ ದಿನಗಳಲ್ಲಿ ಸ್ಕೀಮಾ ಮುಟ್ಟಬಾರದು. 18ನೇ ಆವೃತ್ತಿಯವರೆಗೂ ಸೀಕ್ವೆನ್ಸ್‌ಗಳ (ಹೊಸ ದಾಖಲೆಗಳಿಗೆ ಕ್ರಮಸಂಖ್ಯೆ ಕೊಡುವ ಎಣಿಕೆಗಳ) ಮೌಲ್ಯವೂ ಹರಿಯುವುದಿಲ್ಲ. ತಿರುಗಿಸುವಾಗ ಅವನ್ನು ಕೈಯಿಂದ ಮುಂದಕ್ಕೆ ಸರಿಸದಿದ್ದರೆ ಮೊದಲ ಹೊಸ ದಾಖಲೆಗೇ ‘ಈ ಸಂಖ್ಯೆ ಆಗಲೇ ಇದೆ’ ಎಂಬ ದೋಷ ಎದುರಾಗುತ್ತದೆ.

ಎಲ್ಲ ಡೇಟಾಬೇಸ್‌ಗಳೂ ಹೀಗೆ ಹಿಮ್ಮುಖ ಹರಿವನ್ನು ಕೊಡುವುದಿಲ್ಲ. ಮೈಎಸ್‌ಕ್ಯೂಎಲ್ 5.7ರಿಂದ 8.0ಕ್ಕೆ ರೆಪ್ಲಿಕೇಶನ್ ಬೆಂಬಲಿತ, 8.0ಯಿಂದ 5.7ಕ್ಕೆ ಅಲ್ಲ, ಹಾಗೆಯೇ ಒಮ್ಮೆ 8.0ಕ್ಕೆ ಏರಿದ ಡೇಟಾ ಕಡತಗಳನ್ನು 5.7ಕ್ಕೆ ಇಳಿಸುವ ಬೆಂಬಲಿತ ದಾರಿಯೂ ಇಲ್ಲ. ಅಂಥಲ್ಲಿ ಮರಳುವ ಗಡುವು ಬಳಕೆದಾರರಿಗೆ ಬಾಗಿಲು ತೆರೆಯುವ ಮುನ್ನವೇ ಮುಗಿಯುತ್ತದೆ ಎಂದು ತಿಳಿದು, ಪರೀಕ್ಷೆಯ ಭಾರವನ್ನೆಲ್ಲ ಆ ಗಡುವಿನ ಮುಂಚೆಯೇ ಹಾಕಬೇಕು.

ಡೇಟಾದ ವಿಷಯದಲ್ಲಿ ಸದ್ದಿಲ್ಲದೆ ಕಾಡುವ ಒಂದು ಅಪಾಯವನ್ನು ಇಲ್ಲಿ ಹೇಳಲೇಬೇಕು. ಆಪರೇಟಿಂಗ್ ಸಿಸ್ಟಂ ಮಾತ್ರ ಬದಲಾಯಿಸುತ್ತಿದ್ದೇವೆ, ಡೇಟಾಬೇಸ್ ಮುಟ್ಟುತ್ತಿಲ್ಲ ಎಂದುಕೊಂಡು ಡಿಸ್ಕನ್ನು ಹಳೆಯ ಲಿನಕ್ಸ್‌ನಿಂದ ಬಿಚ್ಚಿ ಹೊಸ ಲಿನಕ್ಸ್‌ಗೆ ಜೋಡಿಸುವವರಿದ್ದಾರೆ. 2018ರಲ್ಲಿ ಬಂದ, ಲಿನಕ್ಸ್‌ನ ಮೂಲ ಲೈಬ್ರರಿಯಾದ ಗ್ಲಿಬ್‌ಸಿ 2.28ರಲ್ಲಿ ಅಕ್ಷರಗಳ ವಿಂಗಡಣೆಯ ಕ್ರಮವೇ ಬದಲಾಯಿತು. ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷಾ ಹೊಂದಾಣಿಕೆಯಲ್ಲಿ) ‘1-1’ ಮತ್ತು ‘11’ ಎಂಬ ಎರಡು ಸಾಲುಗಳನ್ನು ಸಾರ್ಟ್ ಆಜ್ಞೆಗೆ ಕೊಟ್ಟು ನೋಡಿ: ಹಳೆಯ ಲಿನಕ್ಸ್ ‘11’ ಅನ್ನು ಮೊದಲಿಡುತ್ತದೆ, ಹೊಸದು ‘1-1’ ಅನ್ನು ಮೊದಲಿಡುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ತನ್ನ ಪಠ್ಯ ಇಂಡೆಕ್ಸ್‌ಗಳನ್ನು (ದಾಖಲೆಗಳನ್ನು ಬೇಗ ಹುಡುಕುವ ಸೂಚಿಗಳನ್ನು) ಈ ಕ್ರಮದ ಮೇಲೆಯೇ ಕಟ್ಟಿರುತ್ತದೆ. ಕ್ರಮ ಬದಲಾದ ಮೇಲೆ ಇರುವ ದಾಖಲೆ ಹುಡುಕಿದರೂ ಸಿಗುವುದಿಲ್ಲ, ಒಂದೇ ಇರಬೇಕಾದ ದಾಖಲೆ ಎರಡಾಗುತ್ತದೆ, ಮತ್ತು ಯಾವ ದೋಷ ಸಂದೇಶವೂ ಬರುವುದಿಲ್ಲ. ರೆಡ್ ಹ್ಯಾಟ್ 7ರಿಂದ 8ಕ್ಕೆ, ಡೆಬಿಯನ್ 9ರಿಂದ 10ಕ್ಕೆ ಹೋಗುವಾಗ ಈ ಗೆರೆಯನ್ನು ದಾಟುತ್ತೀರಿ. ಡಂಪ್ ಅಥವಾ ಲಾಜಿಕಲ್ ರೆಪ್ಲಿಕೇಶನ್ ಮೂಲಕ ಬಂದರೆ ಇಂಡೆಕ್ಸ್‌ಗಳು ಹೊಸ ಯಂತ್ರದಲ್ಲೇ ಹೊಸದಾಗಿ ಕಟ್ಟಲ್ಪಡುವುದರಿಂದ ತೊಂದರೆಯಿಲ್ಲ. ಡಿಸ್ಕ್ ಒಯ್ದರೆ ಅಥವಾ ಸ್ಟ್ರೀಮಿಂಗ್ ರೆಪ್ಲಿಕಾ (ಡೇಟಾ ಕಡತಗಳ ತದ್ರೂಪು ನಕಲು) ಬಳಸಿದರೆ ಬಳಕೆದಾರರನ್ನು ಬಿಡುವ ಮುನ್ನ ಪಠ್ಯ ಇಂಡೆಕ್ಸ್‌ಗಳನ್ನೆಲ್ಲ ಮರುಕಟ್ಟಬೇಕು, ಮತ್ತು ಆ ಹೊತ್ತನ್ನು ಡೌನ್‌ಟೈಮಿನ ಲೆಕ್ಕಕ್ಕೆ ಸೇರಿಸಬೇಕು.

ಒಂದೊಂದೇ ನೋಡ್, ಆದರೆ ಎರಡು ಆವೃತ್ತಿಗಳು

ಒಂದೊಂದೇ ನೋಡ್ ಬದಲಾಯಿಸುವ ದಾರಿಯಲ್ಲಿ, ಕೆಲವು ಗಂಟೆಗಳಿಂದ ಕೆಲವು ವಾರಗಳವರೆಗೆ ಹಳೆಯ ಮತ್ತು ಹೊಸ ಆವೃತ್ತಿಗಳು ಜೊತೆಯಾಗಿ ಓಡುತ್ತವೆ. ಆ ಸಹವಾಸವನ್ನು ತಯಾರಕರು ಬೆಂಬಲಿಸುತ್ತಾರೆಯೇ, ಎಷ್ಟು ಕಾಲ ಎಂಬುದು ಮೊದಲು ಖಚಿತವಾಗಬೇಕು. ಒಂದು ಸರ್ವರ್ ಬಿದ್ದರೆ ಇನ್ನೊಂದು ಹೊಣೆ ಹೊರುವ ವಿಂಡೋಸ್ ಫೇಲ್‌ಓವರ್ ಕ್ಲಸ್ಟರುಗಳಲ್ಲಿ 2016ರ ಆವೃತ್ತಿಯಿಂದ ಇದು ಸಾಧ್ಯ. ಆದರೆ ಎಲ್ಲ ನೋಡ್‌ಗಳೂ ಹೊಸದಾದ ಮೇಲೆ ಕ್ಲಸ್ಟರಿನ ಕಾರ್ಯಮಟ್ಟವನ್ನು ಏರಿಸುವ ಆಜ್ಞೆಯೊಂದಿದೆ, ಅದನ್ನು ಕೊಟ್ಟ ಮೇಲೆ ಹಳೆಯ ನೋಡ್ ಮತ್ತೆ ಒಳಗೆ ಬರಲಾರದು. ನೋಡ್‌ಗಳನ್ನು ಬದಲಾಯಿಸುವ ದಿನವೇ ಆ ಆಜ್ಞೆಯನ್ನೂ ಕೊಟ್ಟು ಮುಗಿಸುವ ಆತುರ ಬೇಡ. ಒಂದೆರಡು ವಾರ ಹೊಸ ನೋಡ್‌ಗಳನ್ನು ನಿಜವಾದ ಭಾರದಡಿಯಲ್ಲಿ ನೋಡಿ.

ಅಪ್ಲಿಕೇಶನ್‌ನ ಹೊಸ ಆವೃತ್ತಿಗೆ ಟೇಬಲ್‌ಗಳ ಬದಲಾವಣೆಯೂ ಬೇಕಿದ್ದರೆ ಅದನ್ನು ಎರಡಾಗಿ ಒಡೆಯಿರಿ. ಮೊದಲು ಹೊಸ ಕಾಲಂಗಳನ್ನು ಸೇರಿಸಿ, ಹಳೆಯವನ್ನು ಹಾಗೆಯೇ ಬಿಡಿ. ಎರಡೂ ಆವೃತ್ತಿಗಳು ಅದೇ ಟೇಬಲ್‌ನಲ್ಲಿ ಬಾಳಲಿ. ಹಳೆಯ ಕಾಲಂಗಳನ್ನು ಅಳಿಸುವ ಕೆಲಸ ಮರಳುವ ಅಗತ್ಯ ಪೂರ್ತಿ ಕಳೆದ ಮೇಲಿನದು.

ಈ ದಾರಿಯ ಅಪಾಯವನ್ನು 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟು ಸಂಸ್ಥೆಯಲ್ಲಿ ನಡೆದದ್ದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನನಗೆ ತಿಳಿದಿಲ್ಲ. ಎಂಟು ಸರ್ವರುಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಬಿಟ್ಟುಹೋಯಿತು. ಎಂಟನೆಯದರಲ್ಲಿ ವರ್ಷಗಳಿಂದ ಬಳಕೆಯಲ್ಲಿಲ್ಲದ ಹಳೆಯ ಕೋಡ್ ಮಲಗಿತ್ತು, ಹೊಸ ಕೋಡಿಗಾಗಿ ಮರುಬಳಸಿದ ಗುರುತೊಂದು ಅದನ್ನು ಎಬ್ಬಿಸಿತು. ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಅಪ್‌ಗ್ರೇಡ್ ಯೋಜಿಸುವವರು ಗಮನಿಸಬೇಕಾದ ವಿವರ ಅದರ ನಡುವೆ ಇದೆ: ತೊಂದರೆ ಕಂಡಾಗ ಅಲ್ಲಿನವರು ಸರಿಯಾಗಿದ್ದ ಏಳು ಸರ್ವರುಗಳಿಂದ ಹೊಸ ಕೋಡನ್ನು ಕಿತ್ತುಹಾಕಿದರು, ಆಗ ಆ ಹಳೆಯ ಕೋಡ್ ಅವುಗಳಲ್ಲೂ ಎದ್ದಿತು. ಯಾವ ಸರ್ವರಿನಲ್ಲಿ ಏನಿದೆ ಎಂದು ತಿಳಿಯದೆ ಹಿಂದೆ ಸರಿದದ್ದು ಹಾನಿಯನ್ನು ಹೆಚ್ಚಿಸಿತು. ಆದ್ದರಿಂದ ಪ್ರತಿ ನೋಡ್ ಮುಗಿದಾಗಲೂ ಎಲ್ಲ ನೋಡ್‌ಗಳ ಆವೃತ್ತಿಯನ್ನು ಯಂತ್ರದ ಮೂಲಕವೇ ಓದಿ ಹೋಲಿಸುವ ಪರಿಶೀಲನೆ ಇರಲಿ, ಕಣ್ಣಳತೆ ಸಾಲದು.

ಎಲ್ಲರನ್ನೂ ಒಂದೇ ರಾತ್ರಿ ಸಾಗಿಸುವುದೋ, ಗುಂಪು ಗುಂಪಾಗಿಯೋ ಎಂಬುದು ಇದರ ಜೊತೆಗೇ ಬರುವ ಪ್ರಶ್ನೆ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ಸುಮಾರು 52 ಲಕ್ಷ ಗ್ರಾಹಕರನ್ನು ಬಹುಪಾಲು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು. ಡೇಟಾ ಸರಿಯಾಗಿಯೇ ತಲುಪಿತು, ಆದರೆ ಹೊಸ ವ್ಯವಸ್ಥೆ ಭಾರ ಹೊರಲಿಲ್ಲ. ಲಕ್ಷಾಂತರ ಗ್ರಾಹಕರು ತಮ್ಮ ಖಾತೆಯಿಂದಲೇ ಹೊರಗುಳಿದರು, ಮತ್ತು 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು ಆ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ವಿಧಿಸಿದರು. ಗುಂಪುಗಳಾಗಿ ಒಡೆಯಲು ಸಾಧ್ಯವಿರುವಲ್ಲಿ ಒಡೆಯಿರಿ, ಮತ್ತು ಮೊದಲ ಗುಂಪು ತೀರಾ ಚಿಕ್ಕದಾಗಿರಲಿ, ಆದರೆ ಎಲ್ಲ ಬಗೆಯ ಬಳಕೆಯೂ ಅದರಲ್ಲಿರಲಿ.

ಹಾಗಾದರೆ ಯಾವುದನ್ನು ಆರಿಸುವುದು

ಪ್ರತಿ ಸರ್ವರಿಗೂ ಮೂರು ಸಂಖ್ಯೆಗಳನ್ನು ಆಡಳಿತದವರಿಂದ ಬರೆಸಿಕೊಳ್ಳಿ: ಸೇವೆ ಎಷ್ಟು ಹೊತ್ತು ನಿಲ್ಲಬಹುದು, ಎಷ್ಟು ನಿಮಿಷಗಳ ಡೇಟಾ ಹೋದರೆ ತಡೆದುಕೊಳ್ಳಬಹುದು, ಹೊಸದನ್ನು ಎಷ್ಟು ದಿನ ಓಡಿಸಿದ ಮೇಲೂ ಮರಳುವ ಅವಕಾಶ ಬೇಕು. ಬಾಯಿಮಾತಿನಲ್ಲಿ ಎಲ್ಲರೂ ‘ಸೊನ್ನೆ’ ಎನ್ನುತ್ತಾರೆ. ಸೊನ್ನೆಗೆ ತಗಲುವ ಖರ್ಚನ್ನು ಪಕ್ಕದಲ್ಲಿ ಬರೆದು ತೋರಿಸಿದಾಗ ನಿಜವಾದ ಸಂಖ್ಯೆ ಹೊರಬರುತ್ತದೆ.

ಮೂರನೆಯ ಸಂಖ್ಯೆ ‘ಒಂದು ದಿನಕ್ಕಿಂತ ಹೆಚ್ಚು’ ಎಂದಿದ್ದು, ಡೇಟಾ ಬರೆಯುವ ಸರ್ವರ್ ಅದಾಗಿದ್ದರೆ, ಪಕ್ಕದಲ್ಲಿ ಹೊಸದನ್ನು ಕಟ್ಟಿ ಹಿಮ್ಮುಖ ರೆಪ್ಲಿಕೇಶನ್ ಇಡುವುದನ್ನು ಬಿಟ್ಟು ಬೇರೆ ದಾರಿಯನ್ನು ನಾನು ಒಪ್ಪುವುದಿಲ್ಲ. ಡೌನ್‌ಟೈಮ್ ಇಡೀ ರಾತ್ರಿ ಸಿಗುತ್ತದೆ ಮತ್ತು ತಾಲೀಮಿನಲ್ಲಿ ಡಂಪ್ ಮತ್ತು ಮರುತುಂಬುವಿಕೆ ಆ ರಾತ್ರಿಯ ಅರ್ಧದೊಳಗೆ ಮುಗಿಯುತ್ತದೆ ಎಂದಾದರೆ, ರೆಪ್ಲಿಕೇಶನ್ನಿನ ಜಟಿಲತೆಗೆ ಹೋಗದೆ ಡಂಪ್ ದಾರಿಯನ್ನೇ ಹಿಡಿಯಿರಿ. ಸರಳ ದಾರಿಯಲ್ಲಿ ನಡುರಾತ್ರಿ ತಪ್ಪುವುದು ಕಡಿಮೆ. ಇರುವ ಯಂತ್ರದಲ್ಲೇ ಏರಿಸುವುದನ್ನು, ಮೆಟ್ಟಿಲು ಒಂದೇ ಇದ್ದು, ತಯಾರಕರು ಬೆಂಬಲಿಸಿದ್ದು, ವರ್ಚುವಲ್ ಯಂತ್ರವನ್ನು ಪೂರ್ತಿ ನಿಲ್ಲಿಸಿ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆಯಲು ಸಾಧ್ಯವಿದ್ದು, ಬಳಕೆದಾರರನ್ನು ಬಿಡುವ ಮುನ್ನವೇ ಸರಿತಪ್ಪು ತಿಳಿಯುವಂತಿರುವ ಸಣ್ಣ ಸರ್ವರುಗಳಿಗೆ ಮೀಸಲಿಡಿ.

ತಾಲೀಮು ಮತ್ತು ಆ ರಾತ್ರಿ

ಕೆಲವು ವರ್ಷಗಳ ಹಿಂದೆ ಒಂದು ಡೇಟಾಬೇಸಿಗೆ ಆರು ಗಂಟೆಗಳ ಡೌನ್‌ಟೈಮ್ ಪಡೆದಿದ್ದೆವು. ಬ್ಯಾಕಪ್ ತೆಗೆಯಲು ಎರಡು ಗಂಟೆ ಹಿಡಿಯುತ್ತಿತ್ತು, ಮರಳಿ ತುಂಬಲೂ ಎರಡೇ ಗಂಟೆ ಎಂದು ನಾನು ಯೋಜನೆಯಲ್ಲಿ ಬರೆದೆ. ನಿಜವಾದ ರಾತ್ರಿಗೆ ಹತ್ತು ದಿನ ಮೊದಲು ತಾಲೀಮಿನಲ್ಲಿ ಅದನ್ನು ತುಂಬಲು ಕೂತಾಗ, ಡೇಟಾ ಎರಡು ಗಂಟೆಗೂ ಮೊದಲೇ ಒಳಗೆ ಬಂತು. ಆಮೇಲೆ ಇಂಡೆಕ್ಸ್‌ಗಳು ಕಟ್ಟಲು ಶುರುವಾದವು. ಒಂದು ದೊಡ್ಡ ಟೇಬಲ್‌ನ ಒಂದೇ ಇಂಡೆಕ್ಸ್ 50 ನಿಮಿಷ ತೆಗೆದುಕೊಂಡಿತು; ಅಂಥವು ಆ ಟೇಬಲ್‌ನಲ್ಲಿ ಏಳಿದ್ದವು. ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಸರಿಯುತ್ತಿದ್ದುದನ್ನು ನೋಡುತ್ತ, ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಹಿಂದಾರಿ ಎಂದು ಬರೆದಿದ್ದ ಸಾಲು ಸುಳ್ಳೆಂದು ಒಪ್ಪಿಕೊಂಡೆವು. ಬ್ಯಾಕಪ್ ತೆಗೆಯುವ ಹೊತ್ತು ಮರಳಿ ತುಂಬುವ ಹೊತ್ತಲ್ಲ. ವಿಧಾನವನ್ನೇ ಬದಲಿಸಿ ರೆಪ್ಲಿಕೇಶನ್‌ಗೆ ಹೋದೆವು, ದಿನಾಂಕ ಒಂದು ತಿಂಗಳು ಮುಂದೆ ಹೋಯಿತು, ಮತ್ತು ಆ ಮುಂದೂಡಿಕೆಗೆ ನಾನು ಇಂದಿಗೂ ಕೃತಜ್ಞ.

ಆದ್ದರಿಂದ ತಾಲೀಮು ನಿಜವಾದ ಗಾತ್ರದ ಡೇಟಾದ ಮೇಲೆ, ನಿಜವಾದಷ್ಟೇ ವೇಗದ ಡಿಸ್ಕಿನ ಮೇಲೆ ನಡೆಯಬೇಕು, ಮತ್ತು ಹೋಗುವ ದಾರಿಯಷ್ಟೇ ಅಲ್ಲದೆ ಮರಳುವ ದಾರಿಯನ್ನೂ ಕೊನೆಯವರೆಗೆ ನಡೆದು ಗಡಿಯಾರ ಹಿಡಿದು ಅಳೆಯಬೇಕು. ಆ ಅಳತೆಯಿಂದ ಒಂದು ಗಂಟೆಯನ್ನು ಲೆಕ್ಕಹಾಕಿ: ಡೌನ್‌ಟೈಮ್ ಬೆಳಿಗ್ಗೆ ಆರಕ್ಕೆ ಮುಗಿಯುವುದಾಗಿದ್ದು, ಮರಳಲು ಎರಡೂವರೆ ಗಂಟೆ ಬೇಕಿದ್ದರೆ, ಮೂರೂವರೆಗೆ ನಿರ್ಧಾರವಾಗಲೇಬೇಕು. ಆ ಸಮಯವನ್ನೂ, ನಿರ್ಧರಿಸುವ ಒಬ್ಬರ ಹೆಸರನ್ನೂ ಕೆಲಸದ ಪಟ್ಟಿಯಲ್ಲಿ ಬರೆಯಿರಿ. ಆ ಒಬ್ಬರು ಕೀಲಿಮಣೆ ಹಿಡಿದು ಕೆಲಸ ಮಾಡುತ್ತಿರುವವರಾಗಬಾರದು. ಮೂರೂವರೆಗೆ ‘ಇನ್ನು ಹತ್ತೇ ನಿಮಿಷ’ ಎಂದು ಪ್ರಾಮಾಣಿಕವಾಗಿ ನಂಬುವವರು ಅವರೇ.

ತಿರುಗಿಸಿದ ಮೇಲೆ

ಮೊದಲ ವಾರ ಹೊಸ ಆವೃತ್ತಿಯ ಹೊಸ ಸೌಲಭ್ಯಗಳನ್ನು ಮುಟ್ಟಬೇಡಿ. ಅವನ್ನು ಬಳಸಿದ ಕ್ಷಣ ಹಳೆಯದಕ್ಕೆ ಅರ್ಥವಾಗದ ಡೇಟಾ ಹುಟ್ಟುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ 17 ಅಥವಾ ಅದಕ್ಕೂ ಹಿಂದಿನ ಆವೃತ್ತಿಗೆ ಪಿಜಿ-ಅಪ್‌ಗ್ರೇಡ್ ಮೂಲಕ ಹೋಗಿದ್ದರೆ, ಕ್ವೆರಿಗಳ ಯೋಜನೆಗೆ ಬೇಕಾದ ಅಂಕಿ-ಅಂಶಗಳು ಜೊತೆಗೆ ಬಂದಿರುವುದಿಲ್ಲವಾದ್ದರಿಂದ ಅವನ್ನು ಮತ್ತೆ ಸಂಗ್ರಹಿಸುವ ಅನಲೈಸ್ ಆಜ್ಞೆ ಓಡಿಸಿದ ಮೇಲಷ್ಟೇ ಬಳಕೆದಾರರನ್ನು ಬಿಡಿ. ‘ಹೊಸದು ಬಹಳ ನಿಧಾನ’ ಎಂಬ ಮೊದಲ ಬೆಳಗಿನ ದೂರಿಗೆ ಅನೇಕ ಸಲ ಕಾರಣ ಇಷ್ಟೇ ಆಗಿರುತ್ತದೆ.

ಹಳೆಯ ಸರ್ವರನ್ನು ಅಳಿಸುವುದಕ್ಕೂ ಒಂದು ಕ್ರಮವಿದೆ. ಹಿಮ್ಮುಖ ರೆಪ್ಲಿಕೇಶನ್ ಇದ್ದರೆ ಗಡುವು ಮುಗಿದ ಮೇಲೆ ಅದನ್ನು ನಿಲ್ಲಿಸಿ. ಬಳಿಕ ಸರ್ವರನ್ನು ಬಂದ್ ಮಾಡದೆ ಜಾಲದಿಂದ ಮಾತ್ರ ಬಿಡಿಸಿ ಇಡಿ, ಮತ್ತು ಅದನ್ನು ಹುಡುಕಿಕೊಂಡು ಬರುವ ಸಂಪರ್ಕಗಳನ್ನು ಫೈರ್‌ವಾಲ್‌ನಲ್ಲಿ ದಾಖಲಿಸಿ. ಒಂದು ತಿಂಗಳ ಕೊನೆ ಮತ್ತು ಒಂದು ತ್ರೈಮಾಸಿಕದ ಕೊನೆ ಹೀಗೆಯೇ ಕಳೆಯಲಿ. ಆ ದಾಖಲೆಯಲ್ಲಿ ಒಂದು ಐಪಿ ವಿಳಾಸ ಕಂಡರೂ ಅದರ ಒಡೆಯರು ಯಾರೆಂದು ಪತ್ತೆಹಚ್ಚಿ, ಅವರನ್ನು ಹೊಸದಕ್ಕೆ ತಂದ ಮೇಲೆ ಮತ್ತೊಂದು ಆವರ್ತನೆ ಕಾಯಿರಿ. ದಾಖಲೆ ಖಾಲಿಯಾಗಿ ಉಳಿದಾಗ ಕೊನೆಯ ಬ್ಯಾಕಪ್ ಒಂದನ್ನು, ಅದನ್ನು ಓದಬಲ್ಲ ಹಳೆಯ ತಂತ್ರಾಂಶದ ಸ್ಥಾಪನಾ ಕಡತದ ಸಮೇತ ಎತ್ತಿಟ್ಟು, ಯಂತ್ರವನ್ನು ಬಿಟ್ಟುಕೊಡಿ.